ಗೌರತ್ತೆ ಹಿಮದಲ್ಲಿ ಜಾರಿದ್ದು

ಹಿಮಾಲಯವನ್ನು ಕಣ್ಣಾರೆ ಕಂಡ ಮನುಷ್ಯನ ಅಹಂಕಾರ ಕರಗಿಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯವರೆಲ್ಲ ಒಟ್ಟಿಗೆ ಹೋಗಿ ಅದನ್ನು ಕಂಡು, ಅದರ ಮೇಲೆ ಜಾರಿ, ಬಿದ್ದು, ಎದ್ದು ಬಂದೆವು. ಕಳೆದುಹೋದದ್ದು ನನ್ನ ಅಣ್ಣ ಚಂದ್ರಣ್ಣನ ಎಡಗಾಲಿನ ಶೂ ಒಂದೇ. ಆ ಶೂವಿನ ಕಥೆ ಈಗ ಕಳಸದಿಂದ ಚಿಕ್ಕಮಗಳೂರಿನವರೆಗೆ ನಮ್ಮ ನೆಂಟರಿಷ್ಟರಿಗೆಲ್ಲ ಬಾಯಿಪಾಠವಾಗಿದೆ. ಅದನ್ನು ಕಾಯಬೇಕಾಗಿದ್ದ ಗೌರತ್ತೆಯ ಕಥೆಯನ್ನು ಯಾರೂ ಕೇಳಿಲ್ಲ.

ಗೌರತ್ತೆ ನಮ್ಮ ಅಪ್ಪನ ತಂಗಿ. ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಗಂಡ ತೀರಿಕೊಂಡು, ಒಂದು ಟ್ರಂಕಿನೊಂದಿಗೆ ಸಂಸೆಯ ಹತ್ತಿರದ ನಮ್ಮ ತೋಟಕ್ಕೆ ವಾಪಸು ಬಂದವರು. ಅವರು ಬಂದದ್ದಕ್ಕೂ ಕಾಫಿ ಕುಯ್ಲು ಶುರುವಾದದ್ದಕ್ಕೂ ಸರಿಹೋಯಿತು. ಒಣಗಲು ಹರವಿದ ಕಾಫಿಯನ್ನು ಕಾಯಲು ಕಣದಲ್ಲಿ ಒಬ್ಬರು ಬೇಕಿತ್ತು. "ಗೌರಿ ಹೇಗೂ ಸುಮ್ನೆ ಕೂತಿದಾಳಲ್ಲ" ಎಂದು ನಮ್ಮ ಅಜ್ಜ ಅಂದರಂತೆ. ನೇಮಕಾತಿ ತಾತ್ಕಾಲಿಕ ಎಂದೇ ಎಲ್ಲರೂ ತಿಳಿದಿದ್ದರು. ಅತ್ತೆ ಜೀವಮಾನವಿಡೀ ಅದೇ ಹುದ್ದೆಯಲ್ಲಿದ್ದರು. ಬಡ್ತಿ ಇರಲಿಲ್ಲ, ನಿವೃತ್ತಿಯೂ ಇರಲಿಲ್ಲ.

ಕಣದ ಮೂಲೆಯ ಹಲಸಿನ ಮರದ ಕೆಳಗೆ ಒಂದು ಕಬ್ಬಿಣದ ಕುರ್ಚಿ, ಮಡಿಲಲ್ಲಿ ಕಪ್ಪು ಕೊಡೆ, ಕೈಯಲ್ಲಿ ಉದ್ದನೆಯ ಬಿದಿರು ಕೋಲು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ದೂರದಿಂದ ನೋಡಿದರೆ ಯಾವುದೋ ಸಣ್ಣ ಸಂಸ್ಥಾನದ ರಾಣಿ. ಹತ್ತಿರ ಹೋದರೆ ದೊಡ್ಡ ಸಂಸ್ಥಾನದ ಪೊಲೀಸು. ಅವರ ಆಡಳಿತದಲ್ಲಿ ಕೋಳಿ, ನಾಯಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಮನೆಗೆ ಬಂದ ನೆಂಟರು ಎಲ್ಲರೂ ಸಮಾನರು. ಚಪ್ಪಲಿ ಹಾಕಿಕೊಂಡು ಕಾಫಿಯ ಮೇಲೆ ಹಾದು ಹೋದವರಿಗೆ, "ಎಂತ ಮಾರಾಯ, ನಿನ್ನ ಮಾವ ಕಟ್ಟಿಸಿದ ಕಲ್ಯಾಣಮಂಟಪವಾ ಇದು?" ಎನ್ನುತ್ತಿದ್ದರು. ಆಕಾಶವನ್ನಂತೂ ಅವರು ಒಂದು ದಿನವೂ ನಂಬಿದವರಲ್ಲ. "ಮೋಡಾನೂ ಒಂದೇ, ಬೀಗ್ರೂ ಒಂದೇ. ಹೇಳಿ ಬರ್ತಾರಾ? ಬಂದ್ಮೇಲೆ ಬೇಗ ಹೋಗ್ತಾರಾ?" ಒಂದು ಹನಿ ಬಿದ್ದರೆ ಸಾಕು, ಅವರ ಕೂಗಿಗೆ ತೋಟದ ಆ ತುದಿಯಲ್ಲಿದ್ದ ಆಳುಗಳೂ ಓಡಿಬಂದು ಟಾರ್ಪಾಲು ಹಿಡಿಯುತ್ತಿದ್ದರು. ಅವರ ಕಾಲದಲ್ಲಿ ನಮ್ಮ ಕಣದಲ್ಲಿ ಕಾಫಿ ನೆನೆದದ್ದಿಲ್ಲ. ಇದಕ್ಕಾಗಿ ಅವರನ್ನು ಯಾರಾದರೂ ಹೊಗಳಿದ್ದೂ ನನಗೆ ನೆನಪಿಲ್ಲ. ನೆನೆಯದ ಕಾಫಿಯ ಬಗ್ಗೆ ಯಾರು ಮಾತಾಡುತ್ತಾರೆ?

ನಮ್ಮ ಕಡೆ ಕುಯ್ಲಿನ ಕಾಲಕ್ಕೇ ಮದುವೆಗಳೂ ಬರುತ್ತವೆ. ಎಲ್ಲರೂ ಜೀಪು ಹತ್ತಿ ಹೊರಟ ಮೇಲೆ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕಣದಲ್ಲಿ ಯಾರಿದಾರೆ?" ಉತ್ತರ ಅವರಿಗೆ ಗೊತ್ತಿತ್ತು. ಚಂದ್ರಣ್ಣನ ಮದುವೆಯನ್ನೂ ನನ್ನ ಮದುವೆಯನ್ನೂ ಅತ್ತೆ ಆಲ್ಬಮ್ಮಿನಲ್ಲಿ ನೋಡಿದರು. ನನ್ನ ಆಲ್ಬಮ್ಮನ್ನು ಪೂರ್ತಿ ತಿರುವಿ ಹಾಕಿ, "ಹೋಳಿಗೆ ದಪ್ಪ ಆಗಿದ್ದಾವೆ" ಎಂದಷ್ಟೇ ಹೇಳಿ ಮುಚ್ಚಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ಕಣದ ಒಂದು ಕಂಬ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ನಾನು ಹತ್ತು ವರ್ಷದವನಿದ್ದಾಗ ಬೇರೆಯೇ ಒಬ್ಬ ಗೌರತ್ತೆಯನ್ನು ನೋಡಿಬಿಟ್ಟಿದ್ದೇನೆ. ತೋಟದ ಮೇಲಿನ ಬೋಳುಗುಡ್ಡದಲ್ಲಿ ಒಣಹುಲ್ಲು ನುಣ್ಣಗೆ ಮಲಗುವ ಕಾಲ. ನಾವು ಹುಡುಗರು ಅಡಿಕೆ ಹಾಳೆಯ ಮೇಲೆ ಕೂತು, ಅದರ ತುದಿ ಹಿಡಿದು, ಗುಡ್ಡದಿಂದ ಜಾರುತ್ತಿದ್ದೆವು. ಚಂದ್ರಣ್ಣ ಅರ್ಧದಲ್ಲೇ ಮಗುಚಿ ಬಿದ್ದ. ಅಲ್ಲಿಗೆ ನಮ್ಮನ್ನು ಬೈಯಲು ಬಂದ ಅತ್ತೆ, ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, "ಹಾಳೆ ಹಂಗೆ ಹಿಡಿದ್ರೆ ಬೀಳದೆ ಇನ್ನೆಂತ ಆಗ್ತದೆ? ಕೊಡು ಇಲ್ಲಿ" ಎಂದು ಕಸಿದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ಕಾಲಿನಲ್ಲಿ ಒಮ್ಮೆ ನೆಲ ಒದ್ದರು. ಆಮೇಲೆ ನಮಗೆ ಕಂಡದ್ದು ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋದ ಒಂದು ನೀಲಿ ಸೀರೆ, ಕೇಳಿಸಿದ್ದು ಒಂದು ನಗು. ಅತ್ತೆಗೆ ಅಂಥ ನಗು ಇದೆಯೆಂದು ನಮಗೆ ಗೊತ್ತಿರಲಿಲ್ಲ. ನಾವು ಹಿಂದೆಯೇ ಓಡಿ ಇಳಿದಾಗ ಅತ್ತೆ ಬೇಲಿಯ ಹತ್ತಿರ ನಿಂತಿದ್ದರು, ಎದುರಿಗೆ ಅಪ್ಪ ಇದ್ದರು. ಅಪ್ಪ ಬೈಯಲಿಲ್ಲ. ತಂಗಿಯ ತಲೆಯಲ್ಲಿದ್ದ ಹುಲ್ಲನ್ನು ನೋಡಿ ಮೆಲ್ಲಗೆ ಕೇಳಿದರು: "ಕಣದಲ್ಲಿ ಯಾರಿದಾರೆ, ಗೌರಿ?"

ಅತ್ತೆ ಹಾಳೆಯನ್ನು ಬೇಲಿಗೆ ಒರಗಿಸಿ ನಡೆದುಹೋದರು. ಮತ್ತೆ ಗುಡ್ಡ ಹತ್ತಲಿಲ್ಲ.

ಅಪ್ಪ ಹೋದ ಮೇಲೆ ತೋಟ ಚಂದ್ರಣ್ಣನ ಕೈಗೆ ಬಂತು. ನಾನು ಕಳಸದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟೆ. ಈಚೆಗೆ ಒಂದು ವರ್ಷ ಕುಯ್ಲಿಗೆ ಆಳು ಸಿಗದೆ ಅಣ್ಣ ಫಸಲನ್ನು ಗಿಡದ ಮೇಲೇ ಒಬ್ಬ ವ್ಯಾಪಾರಿಗೆ ಕೊಟ್ಟುಬಿಟ್ಟ. ಆತ ಕುಯ್ಯಿಸಿ, ಹಣ್ಣನ್ನು ತನ್ನ ಕಣಕ್ಕೆ ಸಾಗಿಸಿಕೊಂಡ. ನಮ್ಮ ಕಣ ಮೊದಲ ಬಾರಿಗೆ ಚಳಿಗಾಲದಲ್ಲಿ ಖಾಲಿ ಬಿತ್ತು. ಅತ್ತೆ ಆ ಖಾಲಿ ಕಣವನ್ನೂ ಒಂದು ವಾರ ಕಾದರು. ಅಭ್ಯಾಸ.

ಆಗಲೇ ಚಂದ್ರಣ್ಣನ ಮಗಳು ಮೊಬೈಲಿನಲ್ಲಿ ಯಾರೋ ಹಿಮದ ಮೇಲೆ ಜಾರುವುದನ್ನು ತೋರಿಸಿದ್ದು, ಕ್ರಿಸ್ಮಸ್ ರಜೆಗೆ ಎಲ್ಲರೂ ಮನಾಲಿಗೆ ಹೋಗುವುದೆಂದು ತೀರ್ಮಾನವಾದದ್ದು. ಕುಯ್ಲಿನ ಕಾಲದಲ್ಲಿ ಪ್ರವಾಸ ಹೊರಟ ಬೆಳೆಗಾರನನ್ನು ನಮ್ಮ ಕಡೆ ಹುಚ್ಚಾಸ್ಪತ್ರೆಗೆ ಹೊರಟವನನ್ನು ನೋಡುವ ಹಾಗೆ ನೋಡುತ್ತಾರೆ. ಅದಕ್ಕೆ ಅಣ್ಣ ಊರಲ್ಲಿ ಯಾರಿಗೂ ಹೇಳದೆ ನಮ್ಮನ್ನೆಲ್ಲ ಬೆಳಗಿನ ಜಾವ ಹೊರಡಿಸಿದ.

"ಅತ್ತೆನೂ ಬರ್ಲಿ. ಮಕ್ಕಳ ಹತ್ರ ಒಬ್ರು ಇದ್ದಂಗಾಗ್ತದೆ" ಎಂದರು ಶೈಲಾ ಅತ್ತಿಗೆ. ಆಹ್ವಾನ ಹೀಗಿತ್ತು. ಅತ್ತೆ ಅದರ ಎರಡನೆಯ ವಾಕ್ಯವನ್ನು ಕೇಳಿಸಿಕೊಳ್ಳಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವರ ಚೀಲ ತಪಾಸಣೆಯಲ್ಲಿ ಸಿಕ್ಕಿಹಾಕಿಕೊಂಡಿತು. ಒಳಗೆ ಶಾಲು ಸುತ್ತಿದ ಒಂದು ಭಾರಿ ಅಡಿಕೆ ಹಾಳೆ. ಅಂಚು ಕತ್ತರಿಸಿ, ನೆನೆಸಿ, ಭಾರ ಹೇರಿ ಸಮ ಮಾಡಿದ್ದು. ಇದೇನು ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ.

"ಊಟದ ತಟ್ಟೆ ಅಂತ ಹೇಳೋ ಚಂದ್ರು."

"ಇಷ್ಟು ದೊಡ್ಡದಾ ಅಂತ ಕೇಳ್ತಿದಾನೆ ಅತ್ತೆ."

"ನಮ್ಮ ಮನೆಯವ್ರು ಜಾಸ್ತಿ ಉಣ್ತಾರೆ ಅನ್ನು."

ವಿಮಾನದಲ್ಲಿ ನಾನು ಅವರ ಪಕ್ಕದಲ್ಲಿದ್ದೆ. "ಅಲ್ಲಿ ಬೇರೆ ಸಾಮಾನು ಇರ್ತದೆ ಅತ್ತೆ, ಕಾಲಿಗೆ ಕಟ್ಕೊಳ್ಳೋ ಹಲಗೆ" ಎಂದೆ. "ನಿಂತ್ಕಂಡು ಜಾರೋದು ನಿಮ್ಮಂಥವ್ರಿಗೆ" ಎಂದು ಕಿಟಕಿಯತ್ತ ತಿರುಗಿದರು. ಅತ್ತ ನೋಡುತ್ತಲೇ, "ಒಂದು ಸಲ ಮೇಲಿಂದ ಕೆಳಗಿನ ತನಕ ಹೋಗ್ಬೇಕು ಮಾರಾಯ. ಅಷ್ಟೇ. ಅದ್ಕೇ ಬಂದಿದ್ದು ನಾನು" ಎಂದರು.

ಮನಾಲಿಯಿಂದ ಮೇಲೆ ಹೋಗುವ ದಾರಿಯುದ್ದಕ್ಕೂ ಹಿಮದ ಉಡುಪು ಬಾಡಿಗೆಗೆ ಕೊಡುವ ಅಂಗಡಿಗಳು. ಅತ್ತೆಗೆ ಸಿಕ್ಕಿದ್ದು ಕಿತ್ತಳೆ ಬಣ್ಣದ್ದು. ಸೀರೆಯನ್ನು ಒಳಗೆ ತುರುಕಿ ಜಿಪ್ಪು ಎಳೆದ ಮೇಲೆ ಗೊಬ್ಬರದ ಚೀಲಕ್ಕೆ ವಿಭೂತಿ ಹಚ್ಚಿದಂತೆ ಕಂಡರು. ಮಕ್ಕಳು ನಕ್ಕರು. ಅತ್ತೆಯೂ ನಕ್ಕರು. ಸುತ್ತಲಿನ ಬಿಳಿ ಬೆಟ್ಟಗಳನ್ನು ಒಮ್ಮೆ ನೋಡಿ, "ಶಿವ ಯಾಕೆ ಇಲ್ಲಿ ಬಂದು ಕೂತ ಅಂತ ಈಗ ಗೊತ್ತಾಯ್ತು. ಒಣಗ್ಸೋಕೆ ಎಂತದೂ ಇಲ್ಲ ಇಲ್ಲಿ" ಎಂದರು.

ಇಳಿಜಾರಿನ ಬುಡದಲ್ಲಿ ಸಮಸ್ಯೆಯೊಂದು ಎದುರಾಯಿತು. ಬಾಡಿಗೆಯ ಬೂಟು ಹಾಕಿಕೊಳ್ಳಬೇಕಾದರೆ ನಮ್ಮ ನಮ್ಮ ಶೂ ಬಿಚ್ಚಬೇಕು. ಬಿಚ್ಚಿದ್ದನ್ನು ಇಡುವುದೆಲ್ಲಿ? ಚಂದ್ರಣ್ಣನದಂತೂ ಈ ಪ್ರವಾಸಕ್ಕೆಂದೇ ಕೊಂಡ ಹೊಸ ಶೂ. ಅಣ್ಣ ಸುತ್ತ ನೋಡಿದ. ನೋಡಿದ್ದು ಸುಮ್ಮನೆ ಮರ್ಯಾದೆಗೆ.

"ಅತ್ತೆ, ಸ್ವಲ್ಪ ಹೊತ್ತು ನೋಡ್ಕೊಂಡಿರಿ. ನಮ್ದಾದ ಮೇಲೆ ನೀವು."

"ಹೂಂ."

"ಆ ಹಾಳೆ ಕೊಡಿ ಇಲ್ಲಿ. ಶೂ ಒದ್ದೆ ಆಗ್ಬಾರ್ದು."

ಹೀಗೆ ಗೌರತ್ತೆ ಸಾವಿರಾರು ಮೈಲಿ ಹೊತ್ತು ತಂದ ಹಾಳೆಯ ಮೇಲೆ ನಮ್ಮ ಶೂಗಳು ಸಾಲಾಗಿ ಕೂತವು. ನನ್ನದೂ ಇತ್ತು. ಟೀ ಅಂಗಡಿಯವನಿಂದ ಒಂದು ಕುರ್ಚಿ ತಂದು ಹಾಕಿದೆವು. ಯಾರೋ ಕೈಗೆ ಸ್ಕೀ ಕೋಲೊಂದನ್ನು ಕೊಟ್ಟರು. ಕುರ್ಚಿ, ಕೋಲು, ವಿಭೂತಿ. ಮೇಲಿನಿಂದ ತಿರುಗಿ ನೋಡಿದರೆ ನಮ್ಮ ಕಣವೇ ಅಲ್ಲಿಗೆ ಬಂದಂತಿತ್ತು.

ಮೊದಲ ದಿನ ನಮ್ಮದು ಮುಗಿಯುವ ಹೊತ್ತಿಗೆ ಬಾಡಿಗೆಯ ಸಮಯವೂ ಮುಗಿದಿತ್ತು. ಎರಡನೆಯ ದಿನ ಚಂದ್ರಣ್ಣನ ಮಗ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡದ್ದರಿಂದ ಅವನನ್ನೂ ಶೂಗಳ ಪಕ್ಕದಲ್ಲಿ ಕೂರಿಸಿದೆವು. ಅತ್ತೆ ಎರಡನ್ನೂ ಕಾದರು. ಮೂರನೆಯ ದಿನ, ಅದೇ ಕೊನೆಯದು, ಗಾಡಿ ಇಳಿಯುತ್ತಿದ್ದಂತೆ ಅತ್ತೆ ಸ್ಪಷ್ಟವಾಗಿ ಹೇಳಿದರು: "ಇವತ್ತು ಮೊದ್ಲು ನಾನು."

"ಅಯ್ಯೋ, ಹೋಗಿ ಅತ್ತೆ, ಯಾರು ಬೇಡ ಅಂದ್ರು?" ಎಂದ ಅಣ್ಣ. ಅಷ್ಟರಲ್ಲಿ ಗಾಡಿಯವನು, ಮಧ್ಯಾಹ್ನ ಹಿಮ ಬೀಳುತ್ತದೆ, ಬೇಗ ಹೊರಡಬೇಕು ಎಂದ. "ಹಂಗಾದ್ರೆ ನಾವು ಒಂದೇ ರೌಂಡು ಹೋಗಿ ಬಂದುಬಿಡ್ತೀವಿ. ಆಮೇಲೆ ನೀವು ಆರಾಮಾಗಿ" ಎಂದು ಅಣ್ಣ ಶೂ ಬಿಚ್ಚಿದ.

"ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರ್ಯಾರು?" ಎಂದು ಶೈಲಾ ಅತ್ತಿಗೆ ನಮಗೆ ಮಾತ್ರ ಕೇಳಿಸುವಂತೆ ಅಂದರು. ಅವರ ಪಿಸುಮಾತು ಪಕ್ಕದ ತೋಟಕ್ಕೂ ಕೇಳಿಸುತ್ತದೆ ಎಂಬುದು ಸಂಸೆಯಲ್ಲಿ ಎಲ್ಲರಿಗೂ ತಿಳಿದ ವಿಷಯ.

ಒಂದು ರೌಂಡು ಎರಡಾಯಿತು, ಮೂರಾಯಿತು. ಕೆಳಗೆ ಬಂದು ನೋಡಿದಾಗ ಕುರ್ಚಿ ಖಾಲಿಯಿತ್ತು. ಹಾಳೆ ಇರಲಿಲ್ಲ. ಶೂಗಳು ಹಿಮದ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು. ಚಂದ್ರಣ್ಣನ ಎಡಗಾಲಿನದನ್ನು ಒಂದು ಕೂದಲುನಾಯಿ ಕಚ್ಚಿಕೊಂಡು ಹೋಯಿತೆಂದು ಟೀ ಅಂಗಡಿಯವನು ಕೈ ತೋರಿಸಿದ. ನಾವೆಲ್ಲ ಅತ್ತ ಓಡಿದೆವು. ಬಂಡೆಗಳ ಹಿಂದೆ, ಅಂಗಡಿಗಳ ಸಂದಿಯಲ್ಲಿ, ಗಾಡಿಗಳ ಅಡಿಯಲ್ಲಿ ಹುಡುಕಿದೆವು. ಒಂದು ಕುಟುಂಬ ಇಷ್ಟು ಒಗ್ಗಟ್ಟಿನಿಂದ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಗ ಟೀ ಅಂಗಡಿಯ ಆಚೆಯ ಇಳಿಜಾರಿನ ಕಡೆಯಿಂದ ಗೌರತ್ತೆ ನಡೆದು ಬಂದರು. ಕಂಕುಳಲ್ಲಿ ಹಾಳೆ, ಅದರ ಒಂದು ಅಂಚು ಸೀಳಿತ್ತು. ಕಿತ್ತಳೆ ಉಡುಪಿನ ಹಿಂಭಾಗವೆಲ್ಲ ಒದ್ದೆ. ತಲೆಗೂದಲಲ್ಲಿ ಹಿಮ. ಮುಖದಲ್ಲಿ ಏನೋ ಇತ್ತು. ಅಣ್ಣನನ್ನು ಕಂಡದ್ದೇ ತಡ, ಅದು ಹೋಯಿತು.

"ಇಲ್ಲಿ ಯಾರಿದ್ರು ಅತ್ತೆ?" ಎಂದ ಚಂದ್ರಣ್ಣ. ದನಿ ತದ್ವತ್ ಅಪ್ಪನದು.

"ಶೂಗಳಿದ್ವಲ್ಲ" ಎಂದರು ಅತ್ತೆ.

ಅಣ್ಣ ಎಡಗಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಡಿ ಹತ್ತಿದ. ದಾರಿಯುದ್ದಕ್ಕೂ ಶೂವಿನ ಮಾತು. ಊರಿಗೆ ಬಂದ ಮೇಲೂ ಶೂವಿನ ಮಾತು. ಫೆಬ್ರವರಿಯಲ್ಲಿ ಬಾಳೆಹೊನ್ನೂರಿನಲ್ಲಿ ನಮ್ಮ ಕಡೆಯವರ ಮದುವೆಯಾಯಿತು. ಗೌರತ್ತೆ ಚಳಿಗಾಲದಲ್ಲಿ ನೋಡಿದ ಮೊದಲ ಮದುವೆ. ಊಟದ ಸಾಲಿನಲ್ಲಿ ಅಣ್ಣ ಕಥೆ ಹೇಳಿ ಎಲ್ಲರನ್ನೂ ನಗಿಸಿದ. "ಜೀವಮಾನವೆಲ್ಲ ಕಣ ಕಾದವ್ರಿಗೆ ಒಂದು ಜೊತೆ ಶೂ ಕಾಯೋಕಾಗ್ಲಿಲ್ಲ ನೋಡಿ." ಅತ್ತೆ ಎದುರಿನ ಸಾಲಿನಲ್ಲಿದ್ದರು. ಅರ್ಧ ಹೋಳಿಗೆ ಎಲೆಯಲ್ಲಿ ಬಿಟ್ಟು, ಎಲೆ ಮಡಚಿ ಎದ್ದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಮಳೆಗಾಲ ಕಳೆದ ಮೇಲೆ. ಆ ವರ್ಷ ವ್ಯಾಪಾರಿ ಫಸಲು ಬೇಡವೆಂದಿದ್ದ; ಆಳುಗಳು ಕಣದ ಪಾಚಿ ಕೆರೆಯುತ್ತಿದ್ದರು. ಅತ್ತೆ ಅಲ್ಲಿರಲಿಲ್ಲ. ಕಣಕ್ಕೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದರು. ಈ ಸಲ ತಾವು ಕಣ ಕಾಯಲು ಕೂರುವುದಿಲ್ಲವೆಂದು ಹೇಳಿಬಿಟ್ಟಿದ್ದರಂತೆ. ಪಕ್ಕದಲ್ಲಿ ಕೂತು ಕೇಳಿದೆ: "ಅವತ್ತು ಜಾರಿದ್ದು ಹೆಂಗಿತ್ತು ಅತ್ತೆ?"

"ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಹಾಗೆಂದವರು ನನ್ನ ಕಡೆ ತಿರುಗಿ ಕೂತರು.

"ಇಳಿಜಾರು ಸಣ್ದು. ನಮ್ಮ ಗುಡ್ಡದ ಅರ್ಧನೂ ಇಲ್ಲ" ಎಂದರು. "ಆದ್ರೆ ಹಾಳೆ ಎಂಥಾ ಓಡ್ತು ಅಂತಿ. ಒಂದ್ಸಲನೂ ಬೀಳ್ಲಿಲ್ಲ ನಾನು. ಕೆಳಗೆ ಬಂದು ನಿಂತು, ಯಾರು ನೋಡಿದ್ರು ಅಂತ ತಿರುಗಿ ನೋಡ್ದೆ. ನೀವೆಲ್ಲ ಬಗ್ಗಿ ಗಾಡಿ ಅಡಿಯಲ್ಲಿ ಹುಡುಕ್ತಾ ಇದ್ರಿ ಮಾರಾಯ."

ದೀಪಾವಳಿ ಕಳೆದು ಕೆಲವೇ ದಿನಕ್ಕೆ ಅತ್ತೆ ಲಿಂಗೈಕ್ಯರಾದರು. ಬೋಳುಗುಡ್ಡದ ಬುಡದಲ್ಲಿ ಸಮಾಧಿ ಮಾಡೋಣ ಎಂದು ನಾನೆಂದೆ. ಅಷ್ಟು ದೂರ ಹೊರುವವರು ಯಾರು ಎಂದು ಚಂದ್ರಣ್ಣ ಕಣದ ಮೇಲಿನ ದಿಬ್ಬದಲ್ಲಿ ಜಾಗ ತೋರಿಸಿದ. "ಅತ್ತೆಗೆ ಕಣ ಕಾಣ್ತಾ ಇರ್ಲಿ" ಎಂದು ಕಣ್ಣು ಒರೆಸಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಗೌರತ್ತೆಯನ್ನು ಕಣದ ಕಡೆ ಮುಖ ಮಾಡಿ ಕೂರಿಸಲಾಯಿತು.

ಕುಯ್ಲು ಶುರುವಾಗುವ ಮೊದಲು ಅಣ್ಣ ಹಲಸಿನ ಮರಕ್ಕೆ ಒಂದು ಕ್ಯಾಮೆರಾ ಕಟ್ಟಿಸಿದ. ಎಲ್ಲಿದ್ದರೂ ಮೊಬೈಲಿನಲ್ಲಿ ಕಣ ಕಾಣುತ್ತದೆ. ಡಿಸೆಂಬರಿನಲ್ಲಿ ಎಲ್ಲರೂ ಚಿಕ್ಕಮಗಳೂರಿಗೆ ಒಂದು ಮದುವೆಗೆ ಹೋಗಿದ್ದಾಗ ಮಳೆ ಬಂತು. ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿದೆ. ಹರವಿದ್ದ ಕಾಫಿ ಪೂರ್ತಿ ನೆನೆಯಿತು.