ಅಕ್ಕೋರ ಲ್ಯಾಟಿನ್, ನನ್ನ ಪತ್ತು

ಮೊನ್ನೆ ಕಿತ್ತೂರಿಗೆ ಹೊರಟ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸಿನ ಸೀರೆಯಿಂದ ಡಾಂಬರ ಗುಳಿಗೆಯ ವಾಸನೆ ಬಂತು. ಟ್ರಂಕಿನಿಂದ ಆಗಷ್ಟೇ ತೆಗೆದು ಉಟ್ಟ ಸೀರೆ ಇರಬೇಕು. ನಮ್ಮ ಅಕ್ಕೋರ ಬಿಳಿ ಸೀರೆಗಳಿಗೆಲ್ಲ ಅದೇ ವಾಸನೆ...

ಅಕ್ಕೋರು ಬೈಲಹೊಂಗಲದಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು. ತಂದೆತಾಯಿ ಇಲ್ಲದೆ ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದು, ಅಲ್ಲಿನ ಮುದುಕ ಪಾದ್ರಿಯೊಬ್ಬರಿಂದ ಲ್ಯಾಟಿನ್ ಕಲಿತಿದ್ದರು. ಪಾಠದ ನಡುವೆ ರೋಮಿನ ದೇವರುಗಳು ತಾವಾಗಿಯೇ ಬಂದುಬಿಡುತ್ತಿದ್ದರು. ಅವರಲ್ಲೊಬ್ಬನ ಚಪ್ಪಲಿಗೆ ರೆಕ್ಕೆ ಇದ್ದವಂತೆ. ಚಪ್ಪಲಿ ಹೊಲಿಯುವವನ ಮಗನಾದ ನಾನು, "ಯಾರು ಹೊಲದಾರ್ರೀ ಅವನ್ನ?" ಎಂದು ಕೇಳಿದ್ದೆ. ಕ್ಲಾಸೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. "ನಿಮ್ಮಪ್ಪನಂಥಾ ಕಸುಬುದಾರ ಯಾರೋ ಇರಬೇಕು" ಎಂದರು.

ಎಪ್ಪತ್ತರ ದಶಕದಲ್ಲಿ, ಅಪ್ಪನ ಕಣ್ಣು ಮಂಜಾದ ಮೇಲೆ, ಚರ್ಮ ಹೊಲಿಯುವ ಯಂತ್ರ ತಂದು ಅಂಗಡಿ ಇಡಬೇಕೆಂದು ಪತ್ತಿನ ಸಂಘಕ್ಕೆ ಅರ್ಜಿ ಹಾಕಿದೆ. ಸಾಲ ಕೇಳಿದವರನ್ನು ಸಂಘದವರು ಅ, ಬ, ಕ ಎಂದು ದರ್ಜೆ ಮಾಡುತ್ತಿದ್ದರು. ನನ್ನನ್ನು 'ಕ'ಕ್ಕೆ ಹಾಕಿದರು. ಆ ದರ್ಜೆಯವರಿಗೆ ಸಾಲವಿಲ್ಲ.

ಸಂಬಳ ಉಳಿಸಿ ಅಲ್ಲೇ ಇಡುತ್ತಿದ್ದುದರಿಂದ ಅಕ್ಕೋರೂ ಸಂಘದ ಸದಸ್ಯರು. ವಿಷಯ ತಿಳಿದು ಸಭೆಗೆ ಬಂದರು. ಹತ್ತಿ ವ್ಯಾಪಾರಿಗಳೇ ತುಂಬಿದ್ದ ಸಭೆ, ಹೆಂಗಸೆಂದರೆ ಅವರೊಬ್ಬರೇ.

"ಇವಂಗ 'ಕ' ಯಾಕ್ರಿ?" ಎಂದು ಕೇಳಿದರು.

"ಹೊಲ ಇಲ್ಲ, ಸ್ವಂತ ಮನಿ ಇಲ್ಲ. ಏನ್ ನೋಡಿ ಕೊಡೂಣ್ರಿ ಅಕ್ಕೋರ?" ಎಂದರು ಚೇರಮನ್ನರು.

"ಪತ್ತಿಗೆ ಕ್ರೆಡಿಟ್ ಅಂತೀರಲ್ಲ, ಲ್ಯಾಟಿನ್‌ದಾಗ ಅದರ ಅರ್ಥ 'ನಂಬತಾನ' ಅಂತ. ಹೊಲ ಐತಿ ಅಂತಲ್ಲ." ಸಭೆಯತ್ತ ತಿರುಗಿ ಮುಂದುವರಿಸಿದರು. "ರೋಮದಾಗ ವ್ಯಾಪಾರಸ್ಥರಿಗೂ ಕಳ್ಳರಿಗೂ ಒಬ್ಬನೇ ದೇವರಿದ್ದ. ಅದಕ್ಕ ಅವರಿಗೆ ನಂಬಿಗಿಗಂತ ಬ್ಯಾರೆ ಒಬ್ಬ ದೇವಿ ಬೇಕಾದ್ಲು."

ಮೊದಲು ನಕ್ಕವರು ಚೇರಮನ್ನರೇ. "ನಮ್ಮನ್ನ ಕಳ್ಳರ ಮಗ್ಗಲಕ್ಕ ಕುಂಡ್ರಿಸಿದ್ರಿ ನೋಡ್ರಿ! ಆತು, ಜಾಮೀನು ಯಾರು?"

"ನಾ ಅದೇನಿ."

ಯಂತ್ರ ಬಂತು. ಮೊದಲ ದೊಡ್ಡ ಮಾಲನ್ನು ಒಯ್ದ ಸವದತ್ತಿಯ ಅಂಗಡಿಯವನು ದುಡ್ಡು ಕೊಡದೆ ಬಾಗಿಲು ಹಾಕಿಕೊಂಡು ಊರು ಬಿಟ್ಟ. ನನ್ನ ಕಂತು ನಿಂತವು. ಸಂಘದ ವಸೂಲಿಯವನು ಅಕ್ಕೋರ ಮನೆ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದನಂತೆ. ಅವರು ಅವನನ್ನು ಒಳಗೆ ಕರೆದು ಚಹಾ ಕೊಟ್ಟು, "ಕೊಡತಾನ, ಹೋಗಿ ಬರ್ರಿ" ಎಂದು ಕಳಿಸಿದರಂತೆ.

ನಾನು ಮುಖ ತೋರಿಸಲಾಗದೆ ಅವರ ಬಾಗಿಲಲ್ಲಿ ನಿಂತೆ. ಅಕ್ಕೋರು ನೇರ ನೋಡಿದರು. "ಮೋಸ ಮಾಡಿದಾವ ಅವ. ಪತ್ತು ಹೋಗಿದ್ದು ಅವಂದು, ನಿಂದಲ್ಲ. ರಾಮದುರ್ಗದ ಸಂತಿಗೆ ಯಾಕ ಹೋಗವಲ್ಲಿ?"

ಹೋದೆ. ಚಪ್ಪಲಿ ಚೀಲ ಹೊತ್ತು ಸಂತೆ ಸಂತೆ ತಿರುಗಿದೆ. ಸಾಲಹಳ್ಳಿಯ ರೈತರು ಒಂದು ಜೋಡಿ ಒಯ್ದವರು ಮುಂದಿನ ವಾರ ತಮ್ಮವರನ್ನೂ ಕರೆತಂದರು. ನಿಧಾನವಾಗಿ ಸಾಲ ತೀರಿತು. ವಾರ್ಷಿಕ ಸಭೆಯಲ್ಲಿ ಚೇರಮನ್ನರು ನನ್ನ ಹೆಸರನ್ನು 'ಅ' ದರ್ಜೆಯಲ್ಲಿ ಓದಿದಾಗ ಅಕ್ಕೋರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ನನ್ನ ದೊಡ್ಡ ಹೆಮ್ಮೆ ಅದಲ್ಲ. ಮುಂದೆ ಮಳೆಗೆ ಅಕ್ಕೋರ ಮನೆಯ ಗೋಡೆ ಬಿತ್ತು. ದುರಸ್ತಿಗೆ ಸಂಘದಲ್ಲಿ ಸಾಲ ಕೇಳಿದರು. ಅವರಿಗೆ ಜಾಮೀನು ನಿಲ್ಲಲು ಹೆಡ್‌ಮಾಸ್ತರರು ಸಿದ್ಧರಿದ್ದರು, ಚೇರಮನ್ನರೂ ಸಿದ್ಧರಿದ್ದರು. ಅಕ್ಕೋರು ನನ್ನ ಅಂಗಡಿಗೆ ಬಂದು, "ನನಗ ನೀ ಜಾಮೀನು ಆಗತೀಯೇನಪಾ?" ಎಂದರು.

ಸಭೆಯಲ್ಲಿ ಯಾರೂ ತಕರಾರು ಎತ್ತಲಿಲ್ಲ. ನಾನು ಸಹಿ ಮಾಡಿದೆ. ಸಂಜೆ ಅವ್ವ ಕೇರಿಯ ಮನೆಮನೆಗೂ ಸಕ್ಕರೆ ಹಂಚಿದಳು. ಅಪ್ಪ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಬಹಳ ಹೊತ್ತು ಕುಳಿತಿದ್ದ.

ನಿವೃತ್ತರಾದ ಮೇಲೆ ಅಕ್ಕೋರು ಬೆಳಗಾವಿಗೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿ ಮಣ್ಣಿಗೆ ಹೋಗಲಾಗಲಿಲ್ಲ...

ಈಗ ಸಂಘದ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ. ಕಳೆದ ವಾರ, ಏನೂ ಆಸ್ತಿ ಇಲ್ಲದ ಒಬ್ಬ ಹುಡುಗಿಯ ಪರ ಎದ್ದು ಮಾತಾಡಿದೆ. ಸಾಲ ಮಂಜೂರಾಯಿತು. ಖುಷಿಯಲ್ಲಿ ಹೊರಬಿದ್ದವನು, ಅಕ್ಕೋರಿಗೆ ಹೇಳಬೇಕೆಂದು ಅವರ ಮನೆಯವರೆಗೂ ನಡೆದುಬಿಟ್ಟಿದ್ದೆ. ಆ ಮನೆಯ ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. "ಯಾರು ಬೇಕಾಗಿತ್ರಿ?" ಎಂದು ಕೇಳಿದರು.