ಮೋಟಾರಿಗೆ ಉಡಿ ತುಂಬಿದ್ದು

ಸರಸಂಬಾದ ಗೌಡರ ಮೋಟಾರು ಕಾರನ್ನು ನಿಮ್ಮಜ್ಜ ಓಡಿಸುತ್ತಿದ್ದರು. ಹಬ್ಬದ ಮರುದಿನ ಅದರ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ಎರಡು ಸುತ್ತಿಗೇ ಬಿಗಿದುಕೊಂಡಿತು, ಮತ್ತೆ ತಿರುಗಲೇ ಇಲ್ಲ. ಆಳಂದದ ಮೇಸ್ತ್ರಿ, "ಎಣ್ಣಿ ಹಾಕದ ಓಡಿಸ್ಯಾರ, ಇಂಜಿನ್ ಜಾಮ್ ಆಗ್ಯಾದ್ರಿ" ಎಂದ. ಅದು ನಿಜವಾದರೆ ನಿಮ್ಮಜ್ಜನ ಕೆಲಸ ಹೋಗುತ್ತಿತ್ತು. ಅವರು ಬೇಡಿಕೊಂಡಿದ್ದಕ್ಕೆ ಗೌಡರು ಅಫಜಲಪುರದಿಂದ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿದರು.

ಆತ ಮೋಟಾರಿನಡಿ ಮಲಗಿ, ಇಂಜಿನ್ನಿನ ಬೆಲ್ಟು ತಿರುಗಿಸುವ ಗಾಲಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ ರವಿಕೆ ಖಣವೊಂದನ್ನು ಕೊಯ್ದು ಎಳೆದ. ಗೌಡರ ತಾಯಿ ಹಬ್ಬದಂದು, ಮಗಳ ಸೆರಗಿಗೆ ಅಕ್ಕಿ, ಕಾಯಿ, ಖಣ ಹಾಕುವ ಹಾಗೆ ಮೋಟಾರಿಗೂ ಉಡಿ ತುಂಬಿ, ಖಣವನ್ನು ಇಂಜಿನ್ನಿನ ಒಳಗೇ ಇಟ್ಟಿದ್ದರು.

"ಮಗಳಂಗ ಉಡಿ ತುಂಬೀರಿ, ಛಲೋ ಆತು. ಹೊಟ್ಟ್ಯಾಗ ಯಾಕ ತುರುಕೀರಿ ಅವ್ವಾ?" ಎಂದು ಮೇಸ್ತ್ರಿ ನಕ್ಕ.

"ಅದಕ ಸೆರಗ ಎಲ್ಲಿ ಅದಲೇ?" ಎಂದರು ಮುದುಕಿ.

ನಿಮ್ಮಜ್ಜ ಹ್ಯಾಂಡಲ್ ತಿರುಗಿಸಿದರು. ಸತ್ತಿತೆಂದುಕೊಂಡ ಕಬ್ಬಿಣ ಗುಡುಗಿತು, ಕಾಲಡಿಯ ನೆಲ ನಡುಗಿತು. ಗೌಡರ ಮನೆಯ ಬಾಗಿಲ ಮರೆಯಲ್ಲಿದ್ದ ನಾನು ನನಗರಿವಿಲ್ಲದೆಯೇ ಕೈಮುಗಿದಿದ್ದೆ. ಗೌಡರು ಎಂದಿನಂತೆ ಹಿಂದೆ ಹತ್ತಿ ಕುಳಿತರು; ನಿಮ್ಮಜ್ಜ ಮೋಟಾರು ಹೊರಡಿಸಿದರು.