ಟೈಲರಮ್ಮನ ಗಲಾಟೆ

ನಮ್ಮ ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ ನನ್ನದು ಕನ್ನಡಕದ ಅಂಗಡಿ. ಎದುರು ಬಾಗಿಲು ಟೈಲರಮ್ಮನದು. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ವಾಸ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವ ಕೆಲಸವೇ ಅಲ್ಲಿ ಹೆಚ್ಚು. ಸೊಂಟ ಬಿಗಿಯಾದ ಪ್ಯಾಂಟು ಬಿಚ್ಚಿ ಸಡಿಲಿಸುವುದು, ಕೆಟ್ಟ ಜಿಪ್ ಬದಲಿಸುವುದು, ಅಣ್ಣನ ಕೋಟನ್ನು ತಮ್ಮನ ಅಳತೆಗೆ ಇಳಿಸುವುದು. ಅವರ ಕೈಯಲ್ಲಿ ರಿಪೇರಿಯಾದ ಬಟ್ಟೆಯಲ್ಲಿ ರಿಪೇರಿ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದರೂ ನನಗೆ ಸಿಕ್ಕಿದ್ದಿಲ್ಲ.

ಅಂಗಡಿ ಇಡುವ ಮುಂಚೆ ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದರು. ಒಂದೇ ಸೂರಿನಡಿ ಇನ್ನೂರು ಮೆಷಿನ್‌ಗಳ ಸದ್ದು. ಆ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. "ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದೂ ನಿಧಾನಕ್ಕೆ ಹೋಗುತ್ತೆ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಕಿವಿಗೆ ಮೆಷಿನ್ ಹಾಕಿಕೊಂಡರೆ ಮಾತಿಗಿಂತ ಗರಗರ ಶಬ್ದವೇ ಜಾಸ್ತಿ ಎಂದು ಅದನ್ನು ಗುಂಡಿಯ ಡಬ್ಬಿಗೆ ಹಾಕಿಬಿಟ್ಟಿದ್ದರು. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ನಾನು ಹಲ್ಲಲ್ಲಿ ಕನ್ನಡಕದ ಸ್ಕ್ರೂ ಕಚ್ಚಿಕೊಂಡು ಏನಾದರೂ ಹೇಳಿದರೆ, "ಮೊದಲು ಬಾಯಲ್ಲಿರೋದು ತೆಗೀರಿ, ಆಮೇಲೆ ಮಾತಾಡಿ" ಎಂದು ಗದರುತ್ತಿದ್ದರು.

ಒಂದು ಬೆಳಗ್ಗೆ ಕೆಳಗಿನ ಮಹಡಿಯ ಸ್ಟೇಷನರಿ ಅಂಗಡಿಯವರು ದಡದಡ ಮೆಟ್ಟಿಲು ಹತ್ತಿ ಬಂದರು. ಅವರೇ ಕಾಂಪ್ಲೆಕ್ಸ್ ಸಂಘದ ಅಧ್ಯಕ್ಷರು ಕೂಡ. ಟೈಲರಮ್ಮ ನಲ್ಲಿ ತೆರೆದಿಟ್ಟು ಮರೆತಿದ್ದರು. ಒಂದು ಗಂಟೆ ಸುರಿದ ನೀರು ಸೂರಿನಿಂದ ಇಳಿದು ನೋಟ್‌ಬುಕ್ಕಿನ ಕಟ್ಟುಗಳನ್ನೆಲ್ಲ ಮುದ್ದೆ ಮಾಡಿತ್ತು.

"ಏನಮ್ಮಾ, ಅಷ್ಟು ಹೊತ್ತು ನೀರು ಸುರೀತಿದೆ, ಕಿವಿ ಕೇಳಲ್ವಾ ನಿಮಗೆ?"

"ಕೇಳಲ್ಲ ಸಾರ್" ಎಂದರು ಟೈಲರಮ್ಮ.

ಅಧ್ಯಕ್ಷರು ಕೈಯಲ್ಲಿದ್ದ ಒದ್ದೆ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲಿಟ್ಟು ಬಂದ ದಾರಿಯಲ್ಲೇ ಮೆಟ್ಟಿಲಿಳಿದರು.

ಮರುದಿನ ಟೈಲರಮ್ಮನ ತಂಗಿ ಬಂದಳು. ಅಂಗಡಿ ಮುಚ್ಚಿ ತನ್ನ ಮನೆಗೆ ಬಂದುಬಿಡು ಎಂದು ಹಟ ಹಿಡಿದಳು. ಅಕ್ಕ ಜಗ್ಗಲಿಲ್ಲ. ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂತು ತನ್ನ ಕೈ ತಾನೇ ನೋಡಿಕೊಳ್ಳುವ ವಯಸ್ಸು ತನಗಿನ್ನೂ ಆಗಿಲ್ಲ ಎಂದರು. ಆಗ ಅವರಿಗೆ ಐವತ್ತೊಂದು.

"ಹಾಗಾದ್ರೆ ಒಂದು ನಾಯಿನಾದ್ರೂ ಇಟ್ಕೋ ಅಕ್ಕಾ. ಕಿವಿ ಕೇಳದವರಿಗೆ ಸದ್ದು ತಿಳಿಸೋಕೆ ನಾಯಿಗೆ ಕಲಿಸ್ತಾರಂತೆ. ಆದ್ರೆ ಒಳ್ಳೆ ಜಾತಿದು ತಗೋಬೇಕು. ಅಪ್ಪ ಅಮ್ಮ ಯಾರು ಅಂತ ಗೊತ್ತಿರೋ ಮರಿ."

ಮುಂದಿನ ಭಾನುವಾರ ನನ್ನ ಕಾರಿನಲ್ಲೇ ಮೂವರೂ ಹೊರಟೆವು. ಊರ ಹೊರಗೆ ಒಬ್ಬರು ಲ್ಯಾಬ್ರಡಾರ್ ನಾಯಿಗಳನ್ನು ಸಾಕಿ ಮರಿ ಮಾರುತ್ತಿದ್ದರು, ನಾಯಿಗಳಿಗೆ ಕೆಲಸವನ್ನೂ ಕಲಿಸುತ್ತಿದ್ದರು. ತುಟಿಯೇ ಕಾಣದಷ್ಟು ದಪ್ಪ ಮೀಸೆ. ಟೈಲರಮ್ಮ ಹೋದ ಕೂಡಲೇ, "ನಿಮ್ಮ ಮಾತು ನನಗೆ ಕಾಣಲ್ಲ, ಮೀಸೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ" ಎಂದರು. ಆ ಮನುಷ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಮಾತು ಮುಗಿಯುವವರೆಗೂ ಒಂದು ಬೆರಳಲ್ಲಿ ಮೀಸೆ ಎತ್ತಿ ಹಿಡಿದುಕೊಂಡೇ ಮಾತಾಡಿದರು.

ತೊಳೆದ ನೆಲ, ಗಾಳಿ ಬೆಳಕಿನ ಕೊಟ್ಟಿಗೆ, ಮೈ ಮಿಂಚುವ ತಾಯಿನಾಯಿ, ಬೆಣ್ಣೆಬಣ್ಣದ ಐದು ಮರಿಗಳು. ಹುಡುಕಿದರೂ ಒಂದು ಕೊಂಕು ಸಿಗುತ್ತಿರಲಿಲ್ಲ. ಒಂದು ಮರಿ ಟೈಲರಮ್ಮನ ಮಡಿಲು ಹತ್ತಿ, ಎರಡು ಸುತ್ತು ತಿರುಗಿ, ಅಲ್ಲೇ ನಿದ್ದೆಹೋಯಿತು. ಅವರ ಮುಖ ನೋಡಿ, ವ್ಯವಹಾರ ಮುಗಿಯಿತು ಎಂದುಕೊಂಡೆ.

ಮೀಸೆಯವರು ಮಾತ್ರ ಮರಿ ಕೊಡುವ ಅವಸರದಲ್ಲಿರಲಿಲ್ಲ. ಒಂದು ಸ್ಟೀಲ್ ತಟ್ಟೆ ತಂದು ಸಿಮೆಂಟಿನ ಮೇಲೆ ಢಣ್ ಎಂದು ಬಿಟ್ಟರು. ತಂಗಿ ಬೆಚ್ಚಿದಳು, ನಾನೂ ಬೆಚ್ಚಿದೆ. ಮಡಿಲಲ್ಲಿದ್ದ ಮರಿ ಒಂದು ಕಣ್ಣು ತೆರೆದು, ಆಕಳಿಸಿ, ಮತ್ತೆ ಮುಚ್ಚಿತು.

"ನೋಡಿದ್ರಾ? ನಾಲ್ಕು ತಲೆಮಾರಿನಿಂದ ಆರಿಸಿ ಆರಿಸಿ ಬೆಳೆಸಿರೋದೇ ಈ ಸಮಾಧಾನನ. ಮಕ್ಕಳಿರೋ ಮನೆಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಆದ್ರೆ ಇವರಿಗೆ ಬೇಕಾಗಿರೋದು ಸಮಾಧಾನದ್ದಲ್ಲ, ಸದ್ದಾದ್ರೆ ಸುಮ್ನಿರಕ್ಕಾಗದೇ ಒದ್ದಾಡೋ ಅಂಥದ್ದು. ಇವುಗಳಲ್ಲೂ ಅಂಥದ್ದು ಹುಟ್ಟುತ್ತೆ. ಆದ್ರೆ ಎರಡು ತಿಂಗಳ ಮರಿ ಮುಂದೆ ಏನಾಗುತ್ತೆ ಅಂತ ಹೇಳೋಕೆ ಇನ್ನೂ ಒಂದು ವರ್ಷ ಬೇಕು. ಕಾಯ್ತೀರಾ?"

ಟೈಲರಮ್ಮ ಬಹಳ ಹೊತ್ತು ಮರಿಯ ಬೆನ್ನು ಸವರುತ್ತ ಕೂತರು. ಆಮೇಲೆ ಅದನ್ನು ಎತ್ತಿ ತಾಯಿಯ ಹೊಟ್ಟೆಯ ಹತ್ತಿರ ಮಲಗಿಸಿ, ಹಿಂತಿರುಗಿ ನೋಡದೆ ಕಾರಿಗೆ ಬಂದು ಕೂತರು.

"ಬಂದ ಗಿರಾಕಿನ ವಾಪಸ್ ಕಳಿಸೋ ವ್ಯಾಪಾರಿನ ಇವತ್ತೇ ನೋಡಿದ್ದು" ಎಂದು ತಂಗಿ ದಾರಿಯುದ್ದಕ್ಕೂ ಗೊಣಗಿದಳು.

ಅನಾಥ ನಾಯಿಗಳ ಆಶ್ರಯಕ್ಕೆ ಹೋಗೋಣ ಎಂದವರು ಟೈಲರಮ್ಮನೇ. ಬೆಳೆದ ನಾಯಿಯಾದರೆ ಸ್ವಭಾವ ಕಣ್ಣಿಗೆ ಕಾಣುತ್ತದೆ, ಊಹೆ ಮಾಡುವ ಕೆಲಸವಿಲ್ಲ ಎಂಬುದು ಅವರ ಲೆಕ್ಕ. ತಂಗಿಗೆ ಒಂಚೂರೂ ಇಷ್ಟವಿರಲಿಲ್ಲ. ಎಲ್ಲಿ ಹುಟ್ಟಿದ್ದೋ, ಯಾರ ಕೈಯಲ್ಲಿ ಏನು ಅನುಭವಿಸಿದೆಯೋ, ಗಿರಾಕಿಗಳನ್ನು ಕಚ್ಚಿದರೆ ಗತಿಯೇನು ಎಂದಳು. ಅವಳ ಭಯ ಸುಳ್ಳೆಂದು ಹೇಳುವಂತಿರಲಿಲ್ಲ.

ಆಶ್ರಯದಲ್ಲಿ ಉದ್ದಕ್ಕೂ ಜಾಲರಿಯ ಕೋಣೆಗಳು. ಅರವತ್ತು ನಾಯಿಗಳು ಒಟ್ಟಿಗೆ ಬೊಗಳಿ ನನ್ನ ತಲೆ ಸಿಡಿದುಹೋಗುವಂತಾಯಿತು. ಟೈಲರಮ್ಮ ಒಬ್ಬರೇ ಪಾರ್ಕಿನಲ್ಲಿ ಅಡ್ಡಾಡುವವರ ಹಾಗೆ ಆರಾಮಾಗಿ ನಡೆದರು. ಉದ್ದ ರಬ್ಬರ್ ಬೂಟು ಹಾಕಿಕೊಂಡ ಮೇಲ್ವಿಚಾರಕಿ ಒಂದೊಂದನ್ನೇ ಪರಿಚಯಿಸುತ್ತ ಹೋಗಿ, ಕೊನೆಯ ಕೋಣೆಯನ್ನು ಮಾತ್ರ ಬಿಟ್ಟು ತಿರುಗಿಬಿಟ್ಟರು. ಅಲ್ಲೊಂದು ಕಪ್ಪು-ಕಂದು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು.

"ಇದಾ?" ಎಂದರು ಟೈಲರಮ್ಮ.

"ಇದು ಬೇಡಮ್ಮ. ಎರಡು ಮನೆಯಿಂದ ವಾಪಸ್ ಬಂದಿದೆ. ಪಕ್ಕದ ಮನೇಲಿ ಚಮಚ ಬಿದ್ರೂ ಎದ್ದು ಮನೆಯವರನ್ನೆಲ್ಲ ಕಾಲಲ್ಲಿ ಕೆರೆದು ಎಬ್ಬಿಸುತ್ತೆ. ಅದಕ್ಕೇ ಇದನ್ನ ಗಲಾಟೆ ಅಂತ ಕರೀತೀವಿ."

"ಇನ್ನೊಂದ್ಸಲ ಹೇಳಿ."

ಆಕೆ ಬಿಡಿಸಿ ಬಿಡಿಸಿ ಹೇಳಿದರು. ಟೈಲರಮ್ಮ ಕೈಚೀಲದಿಂದ ಕತ್ತರಿ ತೆಗೆದು, ನಾಯಿಯ ಮುಖ ನೋಡುತ್ತಲೇ ತಮ್ಮ ಬೆನ್ನ ಹಿಂದೆ ಬೀಳಿಸಿದರು. ಅಷ್ಟು ಗದ್ದಲದ ನಡುವೆಯೂ ನಾಯಿ ಥಟ್ಟನೆ ತಲೆಯೆತ್ತಿತು. ಕತ್ತರಿ ನೋಡಿತು. ಆಮೇಲೆ ಟೈಲರಮ್ಮನ ಮುಖ ನೋಡಿತು, 'ನಿಂಗೆ ಕೇಳಿಸ್ಲಿಲ್ವಾ?' ಎಂದು ಕೇಳುವ ಹಾಗೆ.

"ಇದೇ" ಎಂದರು ಅವರು.

ಮೂರು ವಾರ ಇಟ್ಟು ನೋಡಿ, ಆಗದಿದ್ದರೆ ತಂದುಬಿಡಿ ಎಂದು ಮೇಲ್ವಿಚಾರಕಿ ಕಳಿಸಿದರು. ಆ ಮೂರು ವಾರ ಗಲಾಟೆ ತನ್ನ ಹೆಸರು ಉಳಿಸಿಕೊಂಡಿತು. ಗಿರಾಕಿಯೊಬ್ಬರ ಉಣ್ಣೆ ಕೋಟಿನ ತೋಳು ಚಿಂದಿ ಮಾಡಿತು. ಪಾರಿವಾಳ ರೆಕ್ಕೆ ಬಡಿದರೂ ಬಂದು ಕೆರೆಯುತ್ತಿತ್ತು, ನಾನು ನನ್ನ ಅಂಗಡಿಯಲ್ಲಿ ಸೀನಿದರೂ ಕೆರೆಯುತ್ತಿತ್ತು. ಟೈಲರಮ್ಮನ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಒಂದು ಮಧ್ಯಾಹ್ನ ಮೆಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಚಹಾ ತಂದುಕೊಟ್ಟೆ.

"ಎರಡು ಮನೆಯವರು ಯಾಕೆ ವಾಪಸ್ ಕೊಟ್ರು ಅಂತ ಈಗ ಗೊತ್ತಾಯ್ತು" ಎಂದರು.

"ನೀವೂ ಕೊಟ್ಟುಬಿಡ್ತೀರಾ?"

"ಅವರಿಗೆ ಕಿವಿ ಇತ್ತು, ಅದಕ್ಕೇ ಇದು ಬೇಡವಾಯ್ತು. ನಂಗೆಲ್ಲಿದೆ?"

ಆ ವಾರದ ಭಾನುವಾರವೇ ಗಲಾಟೆಯನ್ನು ಕರೆದುಕೊಂಡು ನೇರವಾಗಿ ಮೀಸೆಯವರ ಮನೆಗೆ ಹೋದರು. ಆ ಮನುಷ್ಯ ನಾಯಿಯನ್ನೊಮ್ಮೆ, ಟೈಲರಮ್ಮನನ್ನೊಮ್ಮೆ ನೋಡಿ, ಮೀಸೆ ಎತ್ತಿ ಹಿಡಿದು ಹೇಳಿದರು: "ಚೆನ್ನಾಗಿದೆ ಕಣಮ್ಮ! ನನ್ನ ಹತ್ರ ಮರಿ ತಗೊಳ್ಳಲಿಲ್ಲ, ಬೇರೆ ಕಡೆಯಿಂದ ನಾಯಿ ತಂದು ಪಾಠ ಹೇಳಿಕೊಡಿ ಅಂತೀರಿ."

"ಒದ್ದಾಡೋ ಅಂಥದ್ದು ಬೇಕು ಅಂದಿದ್ದು ನೀವೇ. ತಂದಿದೀನಿ. ಇನ್ನು ನಿಮ್ಮ ಕೆಲಸ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೀಗೆ ಶುರುವಾದ ಪಾಠ ಎಂಟು ತಿಂಗಳು ನಡೆಯಿತು. ತಂಗಿಯ ವಿಡಿಯೋ ಕರೆ ಬಂದಾಗ ಫೋನು, ಬಾಗಿಲು, ಕುಕ್ಕರಿನ ಸೀಟಿ, ಯಾರಾದರೂ ಟೈಲರಮ್ಮಾ ಎಂದು ಕೂಗುವುದು. ಇಷ್ಟಕ್ಕೆ ಬಂದು ಮೂಗಿನಿಂದ ಮೊಣಕಾಲು ತಟ್ಟಿ ಕರೆದುಕೊಂಡು ಹೋದರೆ ಬಿಸ್ಕತ್ತು. ಪಾರಿವಾಳಕ್ಕೆ ಬಿಸ್ಕತ್ತಿಲ್ಲ. ಪರದೆಯ ಹಿಂದೆ ಕೂತು ಬಾಗಿಲು ಬಡಿಯುವ ಕೆಲಸ ನನಗೆ ಬಿತ್ತು. ಮೀಸೆಯವರು ನಾಯಿಗಿಂತ ಟೈಲರಮ್ಮನಿಗೇ ಜಾಸ್ತಿ ಕಲಿಸಿದರು. "ಅದು ಕರೆದ್ರೆ ಹೋಗ್ಬೇಕು. ಯಾಕೆ, ಏನು ಅಂತ ನಿಂತು ಯೋಚಿಸಬಾರದು. ಒಂದ್ಸಲ ನೀವು ನಂಬದೆ ಹೋದ್ರೆ ಇನ್ನೊಂದ್ಸಲ ಅದು ಕರೆಯೋದೇ ಇಲ್ಲ."

ಅಷ್ಟರಲ್ಲಿ ಸಂಘದ ನೋಟಿಸು ಬಂತು. ಕಟ್ಟಡದಲ್ಲಿ ಪ್ರಾಣಿ ಇಡುವಂತಿಲ್ಲ, ತಿಂಗಳೊಳಗೆ ನಾಯಿ ಹೊರಗೆ ಹೋಗಬೇಕು. ಟೈಲರಮ್ಮ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಅಧ್ಯಕ್ಷರ ಮೇಜಿನ ಮೇಲಿಟ್ಟರು: ಕಮಿಟಿಯವರು ನನ್ನ ಅಂಗಡಿಗೆ ಬನ್ನಿ. ಪರೀಕ್ಷೆ ನೀವೇ ಮಾಡಿ. ನಾಯಿ ಸೋತರೆ ಅದರ ಜೊತೆ ನಾನೂ ಹೋಗುತ್ತೇನೆ.

ಶನಿವಾರ ಹನ್ನೊಂದು ಗಂಟೆಗೆ ಆರು ಜನ ಬಂದು ಸ್ಟೂಲು, ಬಟ್ಟೆಗಂಟುಗಳ ಮೇಲೆ ಕೂತರು. ನೋಟಿಸಿಗೆ ಸಹಿ ಹಾಕಿದ್ದ ಕಾರ್ಯದರ್ಶಿ ಮಾತ್ರ ಬಂದಿರಲಿಲ್ಲ. ಎಂದಿನಂತೆ ತಡ ಎಂದು ಎಲ್ಲರೂ ಮೂಗು ಮುರಿದರು. ತಂಗಿ ಗೋಡೆಗೊರಗಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು.

ಅಧ್ಯಕ್ಷರು ತಮ್ಮ ಫೋನನ್ನು ಬಟ್ಟೆರಾಶಿಯ ಅಡಿಯಲ್ಲಿ ಹೂತು ರಿಂಗ್ ಮಾಡಿಸಿದರು. ಗಲಾಟೆ ಎದ್ದು, ಟೈಲರಮ್ಮನ ಮೊಣಕಾಲು ತಟ್ಟಿ, ರಾಶಿಯ ಮುಂದೆ ಹೋಗಿ ಕೂತಿತು. ಸೈ. ಎರಡನೆಯದು ಬಾಗಿಲು. ಗಲಾಟೆ ಅರ್ಧ ದಾರಿ ಹೋಗಿ, ಖಜಾಂಚಿಯವರ ಬ್ಯಾಗಿನಲ್ಲಿದ್ದ ಬ್ರೆಡ್ಡಿನ ವಾಸನೆಗೆ ನಿಂತುಬಿಟ್ಟಿತು. ಎಲ್ಲರೂ ನಕ್ಕರು. ತಂಗಿ ಕಣ್ಣು ಮುಚ್ಚಿಕೊಂಡಳು.

"ಒಂದಕ್ಕೊಂದು ಆಯ್ತು. ಇದು ಕೊನೇದು" ಎಂದು ಅಧ್ಯಕ್ಷರು ಕಿಟಕಿಯ ಕಡೆ ತಿರುಗಿ ಮೆತ್ತಗೆ "ಟೈಲರಮ್ಮಾ" ಎಂದರು.

ಗಲಾಟೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅದರ ನೆಟ್ಟ ಕಿವಿ ಬಾಗಿಲ ಕಡೆ ಹೊರಳಿತು. ಟೈಲರಮ್ಮನ ಮೊಣಕಾಲು ತಟ್ಟಿತು. ಅವರು ಏಳುವಷ್ಟರಲ್ಲಿ ಇನ್ನೊಮ್ಮೆ ಜೋರಾಗಿ ತಟ್ಟಿ, ಬಾಗಿಲು ದಾಟಿ ಓಡಿತು.

"ನೋಡಿ, ನಾವು ಕರೆದಿದ್ದು ಇಲ್ಲಿ, ಅದು ಹೋಗಿದ್ದು ಅಲ್ಲಿ! ಮುಗೀತಲ್ಲ?" ಎಂದು ಅಧ್ಯಕ್ಷರು ಕೈಚೆಲ್ಲಿದರು.

ಟೈಲರಮ್ಮನ ಮುಖ ಬಿಳಿಚಿಕೊಂಡಿತ್ತು. ಆದರೂ ನಿಲ್ಲಲಿಲ್ಲ. ನಾಯಿಯ ಹಿಂದೆಯೇ ನಡೆದರು. ಅವರ ಹಿಂದೆ ನಾವೆಲ್ಲ. ಕಾರಿಡಾರಿನ ಕೊನೆಯಲ್ಲಿ ಗಲಾಟೆ ಲಿಫ್ಟಿನ ಬಾಗಿಲಿಗೆ ಮುಂಗಾಲು ಕೊಟ್ಟು ನಿಂತಿತ್ತು. ನಾನು ಕಬ್ಬಿಣಕ್ಕೆ ಕಿವಿ ಹಚ್ಚಿದೆ. ಎಲ್ಲೋ ಆಳದಿಂದ ಡಬ್... ಡಬ್... ಯಾರೋ ಸೋತ ಕೈಯಲ್ಲಿ ಬಡಿಯುತ್ತಿದ್ದರು.

ವಾಚ್‌ಮನ್ ಬೀಗದ ಕೈ ತಂದ, ರಿಪೇರಿಯವನು ಬಂದ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನೊಳಗಿಂದ ಕಾರ್ಯದರ್ಶಿಯವರನ್ನು ಎಳೆದು ಹೊರಗೆ ತೆಗೆದರು. ಮುಕ್ಕಾಲು ಗಂಟೆಯಿಂದ ಒಳಗಿದ್ದರಂತೆ. ಫೋನಿಗೆ ಸಿಗ್ನಲ್ ಇಲ್ಲ, ಕೂಗಿ ಕೂಗಿ ಗಂಟಲು ಕಟ್ಟಿತ್ತು, ಅಂಗಿ ಬೆವರಲ್ಲಿ ತೊಯ್ದಿತ್ತು. ನೆಲದ ಮೇಲೆ ಕೂತು ನೀರು ಕುಡಿದು ಅವರು ಕೇಳಿದ ಮೊದಲ ಮಾತು:

"ಯಾರಿಗೆ ಕೇಳಿಸ್ತು?"

ಕಿವಿ ನೆಟ್ಟಗಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೈಲರಮ್ಮ ಅವರ ತುಟಿ ಓದಿ, ಗಲಾಟೆಯ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನಂಗೆ."

ಅಧ್ಯಕ್ಷರು ನಿಯಮದ ಮನುಷ್ಯ. ಬಾಗಿಲಿನ ಪರೀಕ್ಷೆ ಇನ್ನೊಂದ್ಸಲ ಆಗಲೇಬೇಕು ಎಂದು ಪಟ್ಟು ಹಿಡಿದರು. ಖಜಾಂಚಿ ಬ್ಯಾಗು ಹೊರಗಿಟ್ಟು ಬಂದರು. ಗಲಾಟೆ ಬಾಣದಂತೆ ಬಾಗಿಲಿಗೆ ಹೋಯಿತು. ಅಧ್ಯಕ್ಷರು ಅಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೋಟಿಸಿಟ್ಟು, ಅಡ್ಡ ಗೆರೆ ಎಳೆದು ಸಹಿ ಹಾಕಿದರು. ತಂಗಿ ನೆಲಕ್ಕೆ ಕುಕ್ಕರಿಸಿ ಗಲಾಟೆಯ ಕುತ್ತಿಗೆ ತಬ್ಬಿಕೊಂಡು ಗಳಗಳ ಅತ್ತಳು. ತಬ್ಬಿಸಿಕೊಂಡು ಅಭ್ಯಾಸವಿಲ್ಲದ ನಾಯಿ ಕಣ್ಣು ಕಣ್ಣು ಬಿಟ್ಟಿತು.

ಮುಂದಿನ ಸಲ ಮೀಸೆಯವರ ಮನೆಯಲ್ಲಿ ಮರಿ ಹುಟ್ಟಿದಾಗ ಆ ತಂಗಿಯೇ ತನ್ನ ಮಕ್ಕಳಿಗೆಂದು ಒಂದು ತಂದಳು. ಮನೆಯಲ್ಲಿ ಎಷ್ಟೇ ಗದ್ದಲವಾದರೂ ಅದು ಗೊರಕೆ ಹೊಡೆಯುತ್ತದೆ. ಅವರಿಗೆ ಬೇಕಿದ್ದುದೂ ಅದೇ. ಕಿವಿ ಕೇಳದವರು ಯಾರಾದರೂ ಮರಿ ಕೇಳಿಕೊಂಡು ಬಂದರೆ ಮೀಸೆಯವರು ಈಗ ಮೊದಲು ಆಶ್ರಯದ ವಿಳಾಸ ಬರೆದುಕೊಡುತ್ತಾರೆ. ಅಲ್ಲಿ ನಾಯಿ ಆರಿಸಿಕೊಡುವವರು ಟೈಲರಮ್ಮ. ಈವರೆಗೆ ಐದು ನಾಯಿಗಳು ಹಾಗೆ ಮನೆ ಸೇರಿವೆ, ಒಂದೂ ವಾಪಸ್ ಬಂದಿಲ್ಲ.

ಕಳೆದ ವರ್ಷ ದೊಡ್ಡ ಮೈದಾನದಲ್ಲಿ ಜಾತಿನಾಯಿಗಳ ಪ್ರದರ್ಶನ ನಡೆಯಿತು. ಅಲ್ಲಿ ಗಲಾಟೆಯ ಕೆಲಸ ತೋರಿಸಲೇಬೇಕೆಂದು ಮೀಸೆಯವರು ಸಂಘಟಕರ ಬೆನ್ನು ಬಿದ್ದು ಒಪ್ಪಿಸಿದ್ದರು. ಬಾಚಿ ತೀಡಿದ ನಾಯಿಗಳ ಸಾಲಿನ ನಡುವೆ, ಒಂದು ಕಿವಿ ಮಡಚಿದ ನಮ್ಮ ಗಲಾಟೆ. ಜೊತೆಗೆ ತಾವೇ ಹೊಲಿದ ನೀಲಿ ಕೋಟು ತೊಟ್ಟ ಟೈಲರಮ್ಮ. ಫೋನು, ಬಾಗಿಲು, ಸೀಟಿ, ಕೂಗು. ಒಂದೂ ತಪ್ಪಲಿಲ್ಲ.

ಮುಗಿಸಿ ಅವರು ಹೊರಡಲು ಬೆನ್ನು ತಿರುಗಿಸಿದ್ದರು. ಗಲಾಟೆ ಬಂದು ಮೊಣಕಾಲು ತಟ್ಟಿತು. ಏನು ಎಂದು ಯೋಚಿಸದೆ ಅವರು ಅದರ ಹಿಂದೆ ನಾಲ್ಕು ಹೆಜ್ಜೆ ಬಂದು ತಲೆಯೆತ್ತಿದರು. ಗ್ಯಾಲರಿಯ ತುಂಬ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಟೈಲರಮ್ಮ ಅಷ್ಟೂ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ನನ್ನನ್ನು ಹುಡುಕಿ, ಸದ್ದಿಲ್ಲದೆ ತುಟಿಯಲ್ಲೇ ಕೇಳಿದರು: "ಜೋರಾಗಿದೆಯಾ?"

"ತುಂಬಾ ಜೋರಾಗಿದೆ" ಎಂದೆ, ಒಂದೊಂದೇ ಅಕ್ಷರ ಬಿಡಿಸಿ.